ಮೊದಲ ಸರದಿ ಬಿಟ್ಟುಕೊಟ್ಟ ವರ್ಷ

ಶನಿವಾರ ಬೆಳಿಗ್ಗೆ ಎದ್ದರೆ ಈಗ ನಾನು ಮೊದಲು ಫೋನು ಹುಡುಕುವುದಿಲ್ಲ. ನಿವೃತ್ತಿಯಿಂದ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು, ಎರಡು ಲೋಟ ಚಹಾ ಕುಡಿದು, ಮೊಮ್ಮಗನ ಜೊತೆ ಮಾತಾಡುತ್ತೇನೆ. ನಾನು ಕೊಂಕಣಿಯಲ್ಲಿ ಕೇಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ಬೇಜಾರಿಲ್ಲ. ಫೋನು ಒಳಗೆಲ್ಲೋ ಬಿದ್ದಿರುತ್ತದೆ. "ಬಾಯಿ, ಇವತ್ತು ಸಡನ್ ಡ್ಯೂಟಿ ಹಾಕಿದ್ರು, ಮ್ಯಾಚಿಗೆ ಬರ್ಲಿಕ್ಕೆ ಆಗುದಿಲ್ಲ" ಎಂದು ಅದರಲ್ಲಿ ಯಾರಾದರೂ ಅಳುತ್ತಿದ್ದರೂ ಅದು ಈಗ ನನ್ನ ತಲೆನೋವಲ್ಲ. ಬಾಯಿ ಎಂದರೆ ನಾನೇ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವಕ್ಕೆ ಹಾಗೆ ಕರೆಯುತ್ತಾರೆ. ದೇವರು ದೊಡ್ಡವನು.

ಹೀಗೆ ಆರಾಮಾಗಿರುವಾಗ ಕಳೆದ ತಿಂಗಳು ಒಬ್ಬಳು ಹುಡುಗಿ ಫೋನ್ ಮಾಡಿದಳು. ನಮ್ಮ ಲೀಗಿನಲ್ಲಿ ಹೊಸದಾಗಿ ಒಂದು ತಂಡ ನೋಡಿಕೊಳ್ಳುತ್ತಿದ್ದಾಳೆ. "ಆಂಟಿ, ನಮ್ಮ ಟೀಮು ಹೋದ ಸಲ ಲಾಸ್ಟ್. ಡ್ರಾಫ್ಟಲ್ಲಿ ಮೊದಲ ಸರದಿ ನಮ್ದೇ. ಬೇರೆ ಟೀಮಿನವರು ಕೇಳ್ತಿದ್ದಾರೆ. ಅವರಿಗೆ ಬಿಟ್ಟುಕೊಟ್ಟು ಕೆಳಗಿನ ಎರಡು ಸರದಿ ತಗೊಳ್ಳುದಾ, ಬೇಡ್ವಾ? ಹೌದು ಅಥ್ವಾ ಇಲ್ಲ, ಅಷ್ಟು ಹೇಳಿ ಸಾಕು" ಎಂದಳು.

ಅಷ್ಟು ಹೇಳಿ ಮುಗಿಸುವ ವಿಷಯವಾಗಿದ್ದರೆ ನನ್ನ ತಲೆಕೂದಲು ಇನ್ನೂ ಸ್ವಲ್ಪ ಕಪ್ಪಗಿರುತ್ತಿತ್ತು. ಹಾಗಾಗಿ ಅವಳಿಗೆ, ಅವಳಂತೆ ಈ ಕೆಲಸಕ್ಕೆ ಕಾಲಿಡುವ ಉಳಿದವರಿಗೆ, ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದಿಡುತ್ತಿದ್ದೇನೆ.

ತಿಳಿಯದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ದುಬೈಯಲ್ಲಿ ನಮ್ಮ ಕರಾವಳಿಯವರದ್ದೇ ಒಂದು ಫುಟ್‌ಬಾಲ್ ಲೀಗ್ ಉಂಟು. ಎಂಟು ತಂಡ, ಏಳೇಳು ಜನರ ಆಟ. ಆಡುವವರೆಲ್ಲ ಅಂಗಡಿ, ಹೋಟೆಲು, ಆಸ್ಪತ್ರೆ, ಆಫೀಸುಗಳಲ್ಲಿ ದುಡಿಯುವವರು. ಅಕ್ಟೋಬರಿನಿಂದ ಮಾರ್ಚಿನವರೆಗೆ, ಬಿಸಿಲು ಇಳಿದ ಕಾಲದಲ್ಲಿ, ಪಂದ್ಯಗಳು. ಹಳಬರು ತಮ್ಮ ತಮ್ಮ ತಂಡದಲ್ಲೇ ಇರುತ್ತಾರೆ. ಹೊಸದಾಗಿ ಹೆಸರು ಕೊಟ್ಟವರದ್ದು ಒಂದು ಪಟ್ಟಿ ಮಾಡಿ, ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಎರಡು ಸುತ್ತು, ಅಂದರೆ ತಂಡಕ್ಕೆ ಇಬ್ಬರು. ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಇದೇ ಡ್ರಾಫ್ಟ್. ಬೇಕಾದರೆ ತಂಡಗಳು ಸರದಿಯನ್ನು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಬಡಪಾಯಿ ತಂಡವೂ ಎದ್ದು ನಿಲ್ಲಲಿ ಎಂದು ಮಾಡಿದ ವ್ಯವಸ್ಥೆ.

ನಮ್ಮದು ಬಡಪಾಯಿ ತಂಡ. ಹೆಸರು ಮಾತ್ರ ಜೋರು, ಪಡುಗಾಳಿ.

ನನಗೂ ಫುಟ್‌ಬಾಲಿಗೂ ಹುಟ್ಟಿನಿಂದ ಬಂದ ಸಂಬಂಧ ಏನೂ ಇಲ್ಲ. ನಾನು ಶಿರ್ವದ ಕಡೆಯವಳು. ದೇರಾದಲ್ಲಿ ನಲ್ಲಿ, ಶವರು, ಕಮೋಡು ಮಾರುವ ಕಂಪನಿಯೊಂದರಲ್ಲಿ ಸಿಬ್ಬಂದಿಯ ರಜೆ, ವಿಸಾ, ಟಿಕೆಟಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ಭಟ್ಕಳದ ಮುಝಮ್ಮಿಲ್ ಸಾಹೇಬರು. ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ಪಡುಗಾಳಿ ಅವರು ಕಟ್ಟಿದ ತಂಡ. ಒಂದು ಶುಕ್ರವಾರ ತಂಡದವರು ಐದೇ ಜನ ಬಂದು, ಆಟ ಶುರುವಾಗುವ ಮೊದಲೇ ಸೋತೆವು ಎಂದು ಬರೆಸಿಕೊಂಡು ವಾಪಸಾದರು. ಇಬ್ಬರು ಊರಿಗೆ ಹೋಗಿದ್ದು ಯಾರಿಗೂ ಗೊತ್ತೇ ಇರಲಿಲ್ಲ. ಮರುದಿನ ಸಾಹೇಬರು ನನ್ನ ಮೇಜಿನ ಮುಂದೆ ನಿಂತು, "ಲೂಸಿ ಬಾಯಿ, ಈ ಆಫೀಸಲ್ಲಿ ಯಾರು ಯಾವಾಗ ಊರಿಗೆ ಹೋಗ್ತಾರೆ, ಯಾವಾಗ ಬರ್ತಾರೆ, ಎಲ್ಲ ನಿಮ್ಮ ಬಾಯಲ್ಲೇ ಉಂಟು. ಟೀಮನ್ನೂ ನೀವೇ ನೋಡ್ಕೊಳ್ಳಿ. ಯಲ್ಲಾ, ಶುರು ಮಾಡಿ" ಎಂದು ಹೊರಟೇಹೋದರು. ಬೇಡ ಎನ್ನುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು. ಒಂಬತ್ತು ವರ್ಷ ಮುಚ್ಚಿಯೇ ಇತ್ತು ಅನ್ನಿ.

ಮ್ಯಾನೇಜರ್ ಎಂದರೆ ಆಟ ಕಲಿಸುವವರು ಎಂದು ಕೆಲವರು ತಿಳಿದುಕೊಳ್ಳುತ್ತಾರೆ. ಆಟದ ವಿಷಯ ನಮ್ಮ ಕ್ಯಾಪ್ಟನ್ ದಿನೇಶ ನೋಡಿಕೊಳ್ಳುತ್ತಿದ್ದ. ನನ್ನ ಕೆಲಸ ಏಳು ಜನರನ್ನು ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಮೈದಾನದಲ್ಲಿ ನಿಲ್ಲಿಸುವುದು. ಕೇಳಲಿಕ್ಕೆ ಸುಲಭ. ಗಲ್ಫಿನಲ್ಲಿ ದುಡಿದವರಿಗೆ ಗೊತ್ತು ಅದರ ಕಷ್ಟ. ಒಬ್ಬನ ಶಿಫ್ಟು ಬದಲಾಗುತ್ತದೆ, ಇನ್ನೊಬ್ಬನ ರೂಮು ಶಾರ್ಜಾಕ್ಕೆ ಹೋಗುತ್ತದೆ, ಮತ್ತೊಬ್ಬನನ್ನು ಕಂಪನಿಯವರು ಯಾವುದೋ ಸೈಟಿಗೆ ಹಾಕುತ್ತಾರೆ. ನಾನು ಸೂಪರ್‌ವೈಸರುಗಳ ಕಾಲು ಹಿಡಿದದ್ದಕ್ಕೆ ಮಿತಿಯಿಲ್ಲ. ಒಂದು ಹೋಟೆಲಿನ ಫಿಲಿಪಿನೋ ಸೂಪರ್‌ವೈಸರ್ ಹೆಂಗಸಿಗೆ ನಾನು ಮಾಡಿದ ಸಣ್ಣಾಸು, ನಮ್ಮ ಕೊಂಕಣಿ ಇಡ್ಲಿ, ಅಂದರೆ ಪ್ರಾಣ. ಒಂದು ಡಬ್ಬ ಸಣ್ಣಾಸಿಗೆ ಒಂದು ಶಿಫ್ಟು ಬದಲಾಯಿಸಿ ಕೊಡುತ್ತಿದ್ದಳು. ಲಂಚ ಎಂದರೆ ಲಂಚ, ನಾನು ಇಲ್ಲ ಅನ್ನುವುದಿಲ್ಲ.

ಮೊದಲೆಲ್ಲ ಪಂದ್ಯಗಳು ಶುಕ್ರವಾರ ಬೆಳಿಗ್ಗೆ ಇದ್ದವು. ನಮ್ಮ ತಂಡದಲ್ಲಿ ಅಂಗಡಿಯವರು, ಹೋಟೆಲಿನವರು ಹೆಚ್ಚು. ಬೆಳಿಗ್ಗೆ ಆಡಿ, ಸ್ನಾನ ಮಾಡಿ, ಕೆಲಸಕ್ಕೆ ಓಡುತ್ತಿದ್ದರು. ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಲೀಗಿನವರು ಪಂದ್ಯಗಳನ್ನು ಶನಿವಾರ ಸಂಜೆಗೆ ಹಾಕಿದರು. ಆಫೀಸಿನವರಿಗೆ ಒಳ್ಳೆಯದೇ ಆಯಿತು. ಅಂಗಡಿ, ಹೋಟೆಲುಗಳಲ್ಲಿ ಶನಿವಾರ ಸಂಜೆ ಎಂದರೆ ಉಸಿರು ಬಿಡಲು ಪುರಸೊತ್ತಿಲ್ಲದ ಹೊತ್ತು. ಪಡುಗಾಳಿ ಅಲ್ಲಿಂದಲೇ ನೆಲಕಚ್ಚಿತು. ಏಳು ಜನ ಬಂದರೆ ಹಬ್ಬ. ಬದಲಿಗೆ ಇಳಿಸಲು ಎಂಟನೆಯವನೇ ಇರುತ್ತಿರಲಿಲ್ಲ. ಮುಕ್ಕಾಲು ಪಾಲು ಆಟ ಸರಿಸಮ ಆಡಿ, ಕೊನೆಯ ಹತ್ತು ನಿಮಿಷ ಏದುಸಿರು ಬಿಡುತ್ತಾ ಗೋಲು ತಿನ್ನುತ್ತಿದ್ದೆವು. ಆ ವರ್ಷ ಕೊನೆಯ ಸ್ಥಾನ.

ಆ ಬೇಸಿಗೆಯ ಡ್ರಾಫ್ಟಿನಲ್ಲಿ ಮೊದಲ ಸರದಿ ನಮ್ಮದು. ಆಗ ನಾನು ಮಾಡಿದ ತಪ್ಪನ್ನು ಹೇಳಿಯೇ ಮುಂದೆ ಹೋಗಬೇಕು. ಪಟ್ಟಿಯಲ್ಲಿದ್ದವರ ಆಟ ನೋಡಲು ಒಂದು ಮಂಗಳವಾರ ಸಂಜೆ ಟ್ರಯಲ್ ಇಟ್ಟಿದ್ದರು. ಸಫ್ವಾನ್ ಎನ್ನುವ ಹುಡುಗ ಐದು ಗೋಲು ಹೊಡೆದ. ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ. ಸಾಹೇಬರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೊದಲ ಸರದಿಗೆ ಕಣ್ಣು ಮುಚ್ಚಿ ಅವನ ಹೆಸರು ಕೂಗಿದೆ. ಸೀಸನ್ ಶುರುವಾದ ಮೇಲೆ ಗೊತ್ತಾಯಿತು, ಅವನು ಮಾಲ್‌ನಲ್ಲಿ ಅತ್ತರಿನ ಅಂಗಡಿಯ ಸೇಲ್ಸ್‌ಮನ್, ಅವನ ವಾರದ ರಜೆ ಮಂಗಳವಾರ!

ಜೀವಮಾನವಿಡೀ ಜನರ ರಜೆ ಅರ್ಜಿ ಬರೆದುಕೊಂಡು ಬಂದವಳು ನಾನು. ಅವನ ರಜೆ ಯಾವತ್ತು ಎಂದು ಕೇಳಲು ನನಗೇ ಹೊಳೆಯಲಿಲ್ಲ. ಇಡೀ ಸೀಸನಿಗೆ ಅವನು ಬಂದದ್ದು ಒಂದೇ ಆಟಕ್ಕೆ, ಅದೂ ಜ್ವರ ಎಂದು ಸುಳ್ಳು ಹೇಳಿ. ನಾಚಿಕೆಯಿಂದ ನಾನು ಒಂದು ವಾರ ಸಾಹೇಬರ ಕಣ್ಣಿಗೆ ಬೀಳದೆ ಓಡಾಡಿದೆ. ಅದು ಸಾಲದೆಂಬಂತೆ ನಮ್ಮ ಗೋಲ್‌ಕೀಪರನನ್ನು ಕಂಪನಿಯವರು ಅಬುಧಾಬಿಗೆ ವರ್ಗ ಮಾಡಿದರು. ಪಾಪ, ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದ. ಅರ್ಧ ಆಟ ಮುಗಿದ ಮೇಲೆ ಗ್ಲೌಸು ಹಾಕಿಕೊಂಡೇ ಗೇಟಿನಿಂದ ಓಡಿಬರುವುದು, ಅಷ್ಟರಲ್ಲಿ ನಾವು ಮೂರು ಗೋಲು ಹಿಂದೆ. ಮತ್ತೆ ಕೊನೆಯ ಸ್ಥಾನ.

ಲೀಗಿನಲ್ಲಿ ಒಂದು ನಿಯಮ ಇತ್ತು. ಸತತ ಮೂರು ವರ್ಷ ಕೊನೆಗೆ ಬಂದ ತಂಡವನ್ನು ತೆಗೆದುಹಾಕುತ್ತಾರೆ. ಆಟಗಾರರೆಲ್ಲ ಹೊಸಬರ ಪಟ್ಟಿಗೆ ಸೇರುತ್ತಾರೆ, ಬೇಕಾದವರು ಆರಿಸಿಕೊಳ್ಳಬಹುದು. ಇಪ್ಪತ್ತೈದರ ಹುಡುಗರಿಗೆ ಇದು ದೊಡ್ಡ ಸಂಗತಿಯಲ್ಲ, ಎಲ್ಲಾದರೂ ನುಸುಳಿಕೊಳ್ಳುತ್ತಾರೆ. ದಿನೇಶನಿಗೆ ಮೂವತ್ತೆಂಟು.

ದಿನೇಶನ ಬಗ್ಗೆ ಹೇಳಬೇಕು. ಕಾರ್ಕಳದವನು, ಬರ್ ದುಬೈಯ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್. ಹೆಂಡತಿ, ಮಗಳು ಊರಲ್ಲಿ. ಕರಾಮದಲ್ಲಿ ಐದು ಜನರ ರೂಮಿನಲ್ಲಿ ಒಂದು ಮಂಚ ಅವನದ್ದು. ತಂಡ ಕಟ್ಟಿದ ದಿನದಿಂದ ಇದ್ದವನು, ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು. ಒಮ್ಮೆ ನಾನು, "ಮಂಡಿ ನೋವು ಅಂತಿಯಲ್ಲ ಮಾರಾಯ, ಒಂದು ವಾರ ರೆಸ್ಟ್ ಮಾಡು" ಎಂದಾಗ ಅವನು ಹೇಳಿದ್ದು ನನಗೆ ಹಾಗೆಯೇ ನೆನಪಿದೆ. "ಬಾಯಿ, ಆರು ದಿನ ನಾನು ಅಕ್ಕಿ ಮೂಟೆ ಎಣಿಸುದು. ಶನಿವಾರ ಒಂದು ದಿನ ಜನ ನನ್ನನ್ನು ಕ್ಯಾಪ್ಟನ್ ಅಂತ ಕರಿತಾರೆ. ಅದನ್ನೂ ರೆಸ್ಟ್ ಮಾಡ್ಬೇಕಾ?" ಎಂದಿದ್ದ. ತಂಡ ಹೋದರೆ ಮಂಡಿ ಸವೆದ ಮೂವತ್ತೆಂಟರವನನ್ನು ಪಟ್ಟಿಯಿಂದ ಯಾರು ಆರಿಸುತ್ತಾರೆ? ಯಾರೂ ಇಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ.

ಮೂರನೇ ವರ್ಷ, ಅದು ನನ್ನ ಕೆಲಸದ ಕೊನೆಯ ವರ್ಷವೂ ಹೌದು, ನಾನು ಕ್ರಮವನ್ನೇ ಬದಲಾಯಿಸಿದೆ. ಅಷ್ಟರಲ್ಲಿ ಹುಡುಗರು ತಮ್ಮ ಆಟದ ತುಣುಕುಗಳಿಗೆ ಹಾಡು ಸೇರಿಸಿ ವಾಟ್ಸಾಪಿನಲ್ಲಿ ಕಳಿಸುವ ಕಾಲ ಬಂದಿತ್ತು. ಎಲ್ಲವನ್ನೂ ನೋಡಿದೆ. ಎಲ್ಲರೂ ಗೋಲು ಹೊಡೆಯುವವರೇ. ತಪ್ಪಿದ ಚೆಂಡು, ತಪ್ಪಿದ ಬಸ್ಸು ಎರಡೂ ಆ ತುಣುಕುಗಳಲ್ಲಿ ಕಾಣುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿದ್ದ ಎಲ್ಲರಿಗೂ ನಾನೇ ಫೋನ್ ಮಾಡಿದೆ. ವಾರದ ರಜೆ ಯಾವತ್ತು, ಊರಿಗೆ ಹೋಗುವುದು ಯಾವ ತಿಂಗಳು, ಮೈದಾನಕ್ಕೆ ಬರುವುದು ಹೇಗೆ, ಇಷ್ಟೇ ಪ್ರಶ್ನೆ. ಎಷ್ಟು ಗೋಲು ಹೊಡೆದಿದ್ದೀ ಎಂದು ಒಬ್ಬನನ್ನೂ ಕೇಳಲಿಲ್ಲ. ಒಬ್ಬ ತಲೆಹರಟೆ, "ಆಂಟಿ, ನೀವು ಟೀಮಿಗೆ ಕೇಳ್ತಿದ್ದೀರಾ, ಮಗಳಿಗೆ ಸಂಬಂಧ ನೋಡ್ತಿದ್ದೀರಾ?" ಎಂದು ಕೇಳಿದ. "ಮಗಳಿಗಾದರೆ ನಿನಗೆ ಫೋನೇ ಮಾಡ್ತಿರ್ಲಿಲ್ಲ ಮಗಾ" ಎಂದೆ.

ಆ ವರ್ಷದ ಪಟ್ಟಿಯಲ್ಲಿ ರೋಶನ್ ಎನ್ನುವವನಿದ್ದ. ಇಪ್ಪತ್ತಮೂರು ವರ್ಷ, ಊರಲ್ಲಿ ಯೂನಿವರ್ಸಿಟಿಗೆ ಆಡಿದವನು, ಅಲ್ ಬರ್ಷಾದ ಆಫೀಸಿನಲ್ಲಿ ಹೊಸ ಕೆಲಸ. ಶನಿವಾರ ರಜೆ. ರೂಮಿನ ಹತ್ತಿರವೇ ಮೆಟ್ರೋ. ಹುಳುಕು ಹುಡುಕಿದೆ, ಸಿಗಲಿಲ್ಲ. ಚಿನ್ನದಂಥ ಆಟಗಾರ. ಎಂಟೂ ತಂಡದವರ ಕಣ್ಣು ಅವನ ಮೇಲೆ, ಸರದಿ ಮಾತ್ರ ನಮ್ಮದು. ಸಾಹೇಬರು ಆಗಲೇ ಅವನಿಗೆ ಹತ್ತನೇ ನಂಬರಿನ ಜೆರ್ಸಿ ಹೊಲಿಸಲು ಹೇಳಿಯಾಗಿತ್ತು.

ಡ್ರಾಫ್ಟಿಗೆ ಮೂರು ದಿನ ಇದೆ ಎನ್ನುವಾಗ ಅನ್ಸಾರ್ ಭಾಯ್ ಫೋನ್ ಮಾಡಿದರು. ಕರಾಮದಲ್ಲಿ ಮೊಬೈಲ್ ಅಂಗಡಿ ಇಟ್ಟವರು, ಇನ್ನೊಂದು ತಂಡದ ಮ್ಯಾನೇಜರ್. ಅವರದ್ದು ಮೂರನೇ ಸರದಿ.

"ಬಾಯಿ, ನಿಮ್ಮ ಮೊದಲ ಸರದಿ ನಮಗೆ ಕೊಡಿ. ನಮ್ಮ ಮೂರನೆಯದ್ದು ತಗೊಳ್ಳಿ. ಮೇಲೆ ಎರಡನೇ ಸುತ್ತಿನ ನಮ್ಮ ಸರದಿಯನ್ನೂ ಕೊಡ್ತೇನೆ. ನಿಮಗೆ ಮೂರು ಜನ ಸಿಕ್ಕಿದ ಹಾಗಾಯ್ತು."

"ಮತ್ತೆ ನಿಮಗೆ ಒಬ್ಬನೇ ಅಲ್ವಾ ಅನ್ಸಾರ್ ಭಾಯ್?"

"ನನಗೆ ಅವನೊಬ್ಬ ಸಾಕು" ಎಂದು ನಕ್ಕರು.

ಫೋನ್ ಇಟ್ಟವಳೇ ಲೆಕ್ಕಕ್ಕೆ ಕೂತೆ. ಎರಡು ವರ್ಷ ನಾವು ಸೋತ ಪಂದ್ಯಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದೆ. ಗೋಲು ಹೊಡೆಯಲಾರದೆ ಸೋತದ್ದಕ್ಕಿಂತ ಜನ ಸಾಲದೆ ಸೋತದ್ದೇ ಜಾಸ್ತಿ. ರೋಶನ್ ಒಬ್ಬ ಬಂದರೆ ಏಳರಲ್ಲಿ ಒಬ್ಬ ಚಿನ್ನ, ಉಳಿದ ಆರು ಜನ ಅದೇ ಏದುಸಿರಿನವರು. ಮೂರು ಜನ ಬಂದರೆ, ಮೂವರೂ ಸಾಧಾರಣದವರೇ ಆದರೂ, ಬೆಂಚಿನಲ್ಲಿ ಕೂರಲು ಜನ ಇರುತ್ತಾರೆ. ನನ್ನ ತಲೆ ಹೀಗೆ ಹೇಳುತ್ತಿತ್ತು. ಮನಸ್ಸು ಮಾತ್ರ, "ನಿನಗೆ ಆಫ್‌ಸೈಡೇ ಸರಿಯಾಗಿ ಅರ್ಥ ಆಗುವುದಿಲ್ಲ ಲೂಸಿ, ಸುಮ್ಮನೆ ಇರು" ಎನ್ನುತ್ತಿತ್ತು.

ಸಾಹೇಬರ ಮುಂದೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲ.

"ಲೂಸಿ ಬಾಯಿ, ಎರಡು ವರ್ಷ ಸೋತು ಸೋತು ಈಗ ಒಂದು ಹುಲಿ ಕೈಗೆ ಬಂದಿದೆ. ಅದನ್ನು ಬೇರೆಯವರ ಮನೆಗೆ ಕಟ್ಟಿ ಬರುದಾ? ಜನ ಎಂತ ಹೇಳ್ತಾರೆ?"

"ಹುಲಿ ಒಂದೇ ಸಾಹೇಬ್ರೆ. ಬೇಕಾಗಿರುದು ಏಳು ಜನ. ಏಳಲ್ಲ, ಹತ್ತು."

"ಅವನು ನಮಗೆ ಹೊಡೆಯುವ ಗೋಲು?"

"ಅದು ತಪ್ಪುದಿಲ್ಲ. ಎರಡು ಸಲ ಅವರ ಮೇಲೆ ಆಡ್ಲಿಕ್ಕುಂಟು, ಎರಡು ಸಲವೂ ಹೊಡಿತಾನೆ. ಉಳಿದ ಹನ್ನೆರಡು ಆಟ ನಮ್ಮ ಕೈಯಲ್ಲಿ ಉಂಟಲ್ವಾ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಸಿಟ್ಟು ಬಂದಿತ್ತು, ಆದರೆ ಕೂಗಾಡುವ ಮನುಷ್ಯರಲ್ಲ. "ನಿಮಗೆ ಬಿಟ್ಟದ್ದು ಅಂತ ಒಂಬತ್ತು ವರ್ಷದ ಹಿಂದೆ ಹೇಳಿದ್ದೇನೆ. ಮಾತು ಮಾತೇ. ತಂಡ ಉಳಿದ್ರೆ ಸರಿ, ಹೋದ್ರೆ ನಿಮ್ಮ ಹೆಸರಲ್ಲೇ ಹೋಗ್ತದೆ" ಎಂದರು. ನನಗೆ ಅವರು ಬೈದಿದ್ದರೇ ಒಳ್ಳೆಯದಿತ್ತು.

ಡ್ರಾಫ್ಟು ನಡೆಯುವುದು ಕರಾಮದ ಒಂದು ಹೋಟೆಲಿನ ಮಹಡಿಯ ಹಾಲ್‌ನಲ್ಲಿ. ನೀರುದೋಸೆ, ಕೋಳಿ ಸಾರು ಮುಗಿಸಿ, ಕೈ ತೊಳೆದು, ಎಂಟು ಮೇಜಿಗೆ ಎಂಟು ತಂಡದವರು ಕೂರುತ್ತಾರೆ. ಮೊದಲು ನಮ್ಮನ್ನು ಕರೆದರು. ನಾನು ಎದ್ದು ನಿಂತು, ನಮ್ಮ ಸರದಿಯನ್ನು ಅನ್ಸಾರ್ ಭಾಯ್ ತಂಡಕ್ಕೆ ಕೊಟ್ಟಿದ್ದೇವೆ ಎಂದೆ. ಹಾಲ್ ಗಲಗಲ ಎಂದಿತು. ಅನ್ಸಾರ್ ಭಾಯ್ ಕುರ್ಚಿ ಹಿಂದೆ ಬೀಳುವ ಹಾಗೆ ಎದ್ದು ರೋಶನ್ ಹೆಸರು ಕೂಗಿದರು. ಪಕ್ಕದಲ್ಲಿ ಕೂತಿದ್ದ ದಿನೇಶನಿಗೆ ನಾನು ಮೊದಲೇ ಹೇಳಿರಲಿಲ್ಲ. ಹೇಳಬೇಕಿತ್ತು. ಅವನು ಒಪ್ಪದಿದ್ದರೆ ನನ್ನ ಧೈರ್ಯ ಸಾಲುವುದಿಲ್ಲ ಎಂದು ಹೆದರಿ ಮುಚ್ಚಿಟ್ಟೆ. ಒಂಬತ್ತು ವರ್ಷದಲ್ಲಿ ಸಫ್ವಾನನ ವಿಷಯಕ್ಕಿಂತ ದೊಡ್ಡ ತಪ್ಪು ಇದು. ಇದನ್ನು ಓದುವ ನೀವು ಮಾಡಬೇಡಿ.

ಮೂರನೇ ಸರದಿಗೆ ನಾನು ಪ್ರವೀಣನನ್ನು ಆರಿಸಿದೆ. ಆಸ್ಪತ್ರೆಯ ಲ್ಯಾಬ್ ಟೆಕ್ನಿಶಿಯನ್, ವರ್ಷವಿಡೀ ಬೆಳಗಿನ ಡ್ಯೂಟಿ, ಓಡಿದರೆ ನಿಲ್ಲುವವನಲ್ಲ. ಎರಡನೇ ಸುತ್ತಿನ ನಮ್ಮದೇ ಸರದಿಗೆ ಒಬ್ಬ ಗೋಲ್‌ಕೀಪರ್, ದುಬೈ ಬಿಟ್ಟು ಅಲ್ಲಾಡದವನು. ಅನ್ಸಾರ್ ಭಾಯ್ ಕೊಟ್ಟ ಸರದಿಗೆ ಇಮ್ತಿಯಾಝ್. ಲಾಂಡ್ರಿ ಕಂಪನಿಯೊಂದರ ಡ್ರೈವರ್, ಗಂಗೊಳ್ಳಿಯವನು, ಆಟ ಸುಮಾರು. ಆದರೆ ಶನಿವಾರ ಮಧ್ಯಾಹ್ನದ ಮೇಲೆ ಹನ್ನೆರಡು ಸೀಟಿನ ವ್ಯಾನನ್ನು ಸ್ವಂತಕ್ಕೆ ಓಡಿಸಲು ಅವನಿಗೆ ಕಂಪನಿಯ ಒಪ್ಪಿಗೆ ಇತ್ತು. ಇದನ್ನು ನಾನು ಫೋನಿನಲ್ಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

"ಬಾಯಿ ಆರಿಸಿದ್ದು ಆಟಗಾರನನ್ನಾ, ಗಾಡಿಯನ್ನಾ?" ಎಂದು ಹಿಂದಿನ ಮೇಜಿನಿಂದ ಯಾರೋ ಕೂಗಿದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ದಿನೇಶ ನಗಲಿಲ್ಲ. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ನಿಂತು, "ನಿಮಗೆ ಇನ್ನು ಎಂಟು ತಿಂಗಳು ಬಾಯಿ. ಆಮೇಲೆ ರಿಟೈರ್ ಆಗಿ ಮಗಳ ಮನೆಯಲ್ಲಿ ಆರಾಮ. ನನ್ನ ಕಥೆ ಎಂತ?" ಎಂದ. ಬಾಯಿ ಬಿಟ್ಟು ಹೇಳಿಕೊಳ್ಳದೆ ಇದ್ದದ್ದನ್ನು ಆ ದಿನ ಅವನು ಹೇಳಿದ. ನಾನು ಬಸ್‌ಸ್ಟಾಪಿನ ಕಡೆ ನಡೆದೆ. ಬಸ್ಸಿನಲ್ಲಿ ಕೂತು ಅತ್ತೆ. ಪಕ್ಕದ ಹೆಂಗಸು ಟಿಶ್ಯೂ ಕೊಟ್ಟಳು.

ಸೀಸನ್ ಶುರುವಾಯಿತು. ರೋಶನ್ ಮೊದಲ ನಾಲ್ಕು ಆಟದಲ್ಲಿ ಒಂಬತ್ತು ಗೋಲು ಹೊಡೆದ. ನಮ್ಮ ಮೇಲೆಯೇ ಮೂರು. ಆ ದಿನ ಸಾಹೇಬರು ಅರ್ಧಕ್ಕೇ ಎದ್ದು ಕಾರು ಹತ್ತಿದರು. ಸೋಮವಾರ ಆಫೀಸಿನಲ್ಲಿ ನನ್ನ ಸಲಾಮಿಗೆ ತಲೆಯಾಡಿಸಿದರು ಅಷ್ಟೆ. ನೀವು ಈ ಕೆಲಸಕ್ಕೆ ಬಂದವರು ಇದಕ್ಕೂ ತಯಾರಾಗಿರಬೇಕು. ಬಿಟ್ಟುಕೊಟ್ಟವನು ಚೆನ್ನಾಗಿ ಆಡಿದ ಪ್ರತಿ ಶನಿವಾರ ಜನ ನಿಮ್ಮ ಮುಖ ನೋಡುತ್ತಾರೆ. ಅವನು ಸೀಸನ್ ಮುಗಿಯುವ ತನಕ ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು. ಅವನ ಕಾಲು ಉಳುಕಲಿ ಎಂದು ನಾನು ಒಂದೆರಡು ಸಲ ಮನಸ್ಸಿನಲ್ಲೇ ಬಯಸಿ, ಭಾನುವಾರ ಇಗರ್ಜಿಗೆ ಹೋಗಿ ತಪ್ಪೊಪ್ಪಿಕೊಂಡದ್ದೂ ಉಂಟು.

ನಮ್ಮಲ್ಲಿ ಅಂಥ ಚಮತ್ಕಾರ ಏನೂ ನಡೆಯಲಿಲ್ಲ. ಶನಿವಾರ ಮಧ್ಯಾಹ್ನ ಇಮ್ತಿಯಾಝ್ ವ್ಯಾನು ತೆಗೆದುಕೊಂಡು ಹೊರಡುತ್ತಿದ್ದ. ಕರಾಮದಲ್ಲಿ ನಾಲ್ಕು ಜನ, ದೇರಾದಲ್ಲಿ ಇಬ್ಬರು, ಅಲ್ ಬರ್ಷಾದಲ್ಲಿ ಇಬ್ಬರು. ವ್ಯಾನಿನ ತುಂಬಾ ಒಗೆದ ಬೆಡ್‌ಶೀಟಿನ ವಾಸನೆ, ಅದರ ಮಧ್ಯೆ ತುಳು, ಬ್ಯಾರಿ, ಕೊಂಕಣಿ, ಹಿಂದಿ ಎಲ್ಲ ಸೇರಿದ ಗಲಾಟೆ. ಆಟಕ್ಕೆ ಅರ್ಧ ಗಂಟೆ ಇರುವಾಗಲೇ ಒಂಬತ್ತು, ಹತ್ತು ಜನ ಮೈದಾನದಲ್ಲಿ. ಅಷ್ಟು ಜನರನ್ನು ಒಟ್ಟಿಗೆ ಕಂಡು ಮೊದಲ ದಿನ ನನಗೆ ಬೇರೆ ತಂಡದ ಕಡೆ ಬಂದೆನೋ ಎನಿಸಿತ್ತು. ಗೆದ್ದದ್ದು ಕಡಿಮೆ. ಡ್ರಾಗಳು ಜಾಸ್ತಿ. ಮೊದಲು ಕೊನೆಯ ಹತ್ತು ನಿಮಿಷದಲ್ಲಿ ಕಳಕೊಳ್ಳುತ್ತಿದ್ದ ಆಟಗಳು ಈಗ ಕೈ ತಪ್ಪುತ್ತಿರಲಿಲ್ಲ. ದಿನೇಶ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ, ಆದರೆ ಹೊಸ ಹುಡುಗರಿಗೆ ಹೇಳಿಕೊಡುವುದರಲ್ಲಿ ಕಡಿಮೆ ಮಾಡಲಿಲ್ಲ. ಅದರಲ್ಲೂ ಇಮ್ತಿಯಾಝ್‌ಗೆ ಎದುರಾಳಿಯ ಬೆನ್ನು ಹತ್ತುವುದು ಹೇಗೆ ಎಂದು ಪ್ರತಿ ವಾರ ಆಟ ಮುಗಿದ ಮೇಲೆ ಪ್ರತ್ಯೇಕ ಕಲಿಸುತ್ತಿದ್ದ.

ಕೊನೆಯ ಶನಿವಾರದ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು. ನಾವೂ ಇನ್ನೊಂದು ತಂಡವೂ ಅಡಿಯಲ್ಲಿ ಸಮ ಅಂಕದಲ್ಲಿದ್ದೆವು. ಗೋಲುಗಳ ವ್ಯತ್ಯಾಸದಲ್ಲಿ ಅವರು ಮುಂದೆ, ಅವರ ಆಟಗಳೆಲ್ಲ ಮುಗಿದಿದ್ದವು. ನಮಗೆ ಒಂದು ಆಟ ಬಾಕಿ. ಡ್ರಾ ಆದರೆ ಒಂದು ಅಂಕ ಸಿಕ್ಕಿ ತಂಡ ಉಳಿಯುತ್ತದೆ. ಸೋತರೆ ಖಲಾಸ್. ಆ ಆಟ ಅನ್ಸಾರ್ ಭಾಯ್ ತಂಡದ ಮೇಲೆ. ಅವರು ಎರಡನೇ ಸ್ಥಾನದಲ್ಲಿದ್ದರು, ಎಲ್ಲ ರೋಶನ್ ದಯೆ.

ಹತ್ತನೇ ನಿಮಿಷಕ್ಕೇ ರೋಶನ್ ಗೋಲು ಹೊಡೆದ. ಸಾಹೇಬರು ತಸ್ಬೀಹ್ ತೆಗೆದರು, ನಾನು ಜಪಮಾಲೆ ತೆಗೆದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಲ್ಲಿಂದ ಮುಂದೆ ದಿನೇಶ ರೋಶನ್‌ನ ನೆರಳು ಬಿಡಲಿಲ್ಲ. ಅವನಿಗಿಂತ ಹದಿನೈದು ವರ್ಷ ಚಿಕ್ಕ ಹುಡುಗ ಅತ್ತ ಓಡಿದರೆ ಇವನೂ ಅತ್ತ, ಇತ್ತ ತಿರುಗಿದರೆ ಇತ್ತ. ಎರಡನೇ ಅರ್ಧದಲ್ಲಿ ಪ್ರವೀಣ ಎಲ್ಲಿಂದಲೋ ಓಡಿಬಂದು ಒಂದು ಗೋಲು ತೂರಿಸಿದ. ಒಂದು ಒಂದು, ಸಮ. ಹತ್ತು ನಿಮಿಷ ಉಳಿದಿತ್ತು, ದಿನೇಶ ದೊಪ್ಪನೆ ಕೆಳಗೆ ಕೂತ. ಕಾಲಿನ ಮೀನಖಂಡ ಹಿಡಿದುಕೊಂಡಿತ್ತು.

ಹಿಂದಿನ ವರ್ಷಗಳಲ್ಲಾಗಿದ್ದರೆ ಅವನು ಕುಂಟಿಕೊಂಡೇ ಆಡುತ್ತಿದ್ದ. ಬೇರೆ ದಾರಿ ಇರುತ್ತಿರಲಿಲ್ಲ. ಈಗಲೂ ಅಭ್ಯಾಸದಿಂದ ಏಳಲು ನೋಡಿದ. ನಾನು ಗೆರೆಯ ಆಚೆಯಿಂದ, "ದಿನೇಶಾ, ಹೊರಗೆ ಬಾ ಮಾರಾಯ, ಜನ ಉಂಟು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಇಮ್ತಿಯಾಝ್ ವ್ಯಾನಿನ ಕೀಲಿಕೈಯನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದ.

ಅನ್ಸಾರ್ ಭಾಯ್ ಬೆಂಚು ಖಾಲಿ. ಆ ವರ್ಷ ಅವರಿಗೆ ಬಂದ ಹೊಸಬ ಒಬ್ಬನೇ, ಹಳಬರಲ್ಲಿ ಇಬ್ಬರು ಊರಿಗೆ ಹೋಗಿದ್ದರು. ಅವರ ಏಳೂ ಜನ ಸುಸ್ತಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ರೋಶನ್ ಕೂಡ ಮನುಷ್ಯನೇ, ಬಾಯಿ ತೆರೆದು ಉಸಿರೆಳೆಯುತ್ತಿದ್ದ. ನಮ್ಮ ಡ್ರೈವರ್ ಹೊಸ ಬ್ಯಾಟರಿ ಹಾಕಿದವನ ಹಾಗೆ ಅವನ ಬೆನ್ನು ಹತ್ತಿದ. ಒಮ್ಮೆ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆಯಲು ಧೈರ್ಯ ಬರಲಿಲ್ಲ. ರೆಫರಿಯ ಸೀಟಿ ಕೇಳಿಯೇ ತೆರೆದದ್ದು.

ಒಂದು ಒಂದು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಏಳನೆಯವರಾದದ್ದಕ್ಕೆ ಯಾರಾದರೂ ಹಾಗೆ ಕುಣಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಹೇಬರು ಅಲ್ಹಮ್ದುಲಿಲ್ಲಾಹ್ ಎನ್ನುತ್ತಾ ಇಮ್ತಿಯಾಝ್‌ನನ್ನು ತಬ್ಬಿಕೊಂಡರು, ಅವನ ಬೆವರೆಲ್ಲ ಅವರ ಬಿಳಿ ಅಂಗಿಗೆ. ಆಮೇಲೆ ನನ್ನ ಹತ್ತಿರ ಬಂದರು. ಎರಡು ಕೈ ಎತ್ತಿ ದುವಾ ಮಾಡಿದ ಹಾಗೆ ಮಾಡಿ ಹೋದರು. ನನ್ನ ಎದೆಯ ಮೇಲಿಂದ ಯಾರೋ ಅಕ್ಕಿಮೂಟೆ ಇಳಿಸಿದಂತೆ ಹಗುರಾಯಿತು. ಹೋಗಿ ಬೆಂಚಿನ ಮೇಲೆ ಕೂತೆ.

ಆ ಹುಡುಗಿಗೆ ನಾನು ಈಗಲೂ ಹೌದು, ಇಲ್ಲ ಎಂದು ಹೇಳಲಾರೆ. ನಿನ್ನ ತಂಡ ಯಾವ ಹೊತ್ತಿನಲ್ಲಿ ಸೋಲುತ್ತದೆ, ಅದನ್ನು ಮೊದಲು ನೋಡು. ಉತ್ತರ ಅಲ್ಲೇ ಇರುತ್ತದೆ.

ಆ ಸಂಜೆ ಬೆಂಚಿನಲ್ಲಿ ನನ್ನ ಪಕ್ಕ ದಿನೇಶ ಕಾಲಿಗೆ ಐಸ್ ಹಿಡಿದುಕೊಂಡು ಕೂತಿದ್ದ. ಎಲ್ಲರೂ ಮೈದಾನದ ನಡುವೆ ಕಿರುಚಾಡುತ್ತಿದ್ದರು, ಅವನು ಏಳಲಿಲ್ಲ. ಅಳುತ್ತಿದ್ದಾನೋ ಎಂದು ನೋಡಿದೆ. ಇಲ್ಲ, ಅವರನ್ನೇ ನೋಡುತ್ತಾ ನಗುತ್ತಿದ್ದ.

"ಬಾಯಿ, ಹನ್ನೆರಡು ವರ್ಷ ಆಯ್ತು ನಾನು ಈ ಟೀಮಲ್ಲಿ. ನಮ್ಮವರು ಆಡುದನ್ನು ಕೂತು ನೋಡಿದ್ದು ಇದೇ ಮೊದಲು. ಪರವಾಗಿಲ್ಲ ಮಾರಾಯ್ರೆ, ಚಂದ ಆಡ್ತಾರೆ" ಎಂದ.